ಸಾಕ್ಷಿಯೋ, ಪ್ರಸಂಗವೋ?

ಹೊಸಹಳ್ಳಿ ಮೆಟ್ರೋ ನಿಲ್ದಾಣದಿಂದ ಇಳಿದು ಐದು ನಿಮಿಷ ನಡೆದರೆ ಒಂದು ಅಡ್ಡರಸ್ತೆ. ಅಲ್ಲಿನ ಮನೆಯೊಂದರ ಎರಡನೇ ಮಹಡಿಯಲ್ಲಿ ಗುರುವಾರ ಸಂಜೆ ಏಳಕ್ಕೆ ಮನೆಪ್ರಾರ್ಥನೆ. ಮೆಟ್ಟಿಲುದ್ದಕ್ಕೂ ಚಪ್ಪಲಿಗಳು. ಹಾಲ್‌ನಲ್ಲಿ ಚಾಪೆ, ಮಂಡಿನೋವಿನವರಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಅಡುಗೆಮನೆಯಲ್ಲಿ ಇಳಿಯುತ್ತಿರುವ ಡಿಕಾಕ್ಷನ್ನಿನ ಪರಿಮಳ. ಇಪ್ಪತ್ತು ಜನ ಸೇರಿದರೆ ಅದರಲ್ಲಿ ಹದಿನಾಲ್ಕು ಮಂದಿ ಹೆಂಗಸರು.

ಆ ದಿನದ ಭಾಗ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ, ಸಮಾರ್ಯದ ಬಾವಿಕಟ್ಟೆಯ ಹೆಂಗಸಿನ ಕಥೆ. ಹೇಳಲು ಎದ್ದವರು ನಾವೆಲ್ಲ ಟೀಚರಮ್ಮ ಎಂದು ಕರೆಯುವ ನಿವೃತ್ತ ಶಿಕ್ಷಕಿ. ಕನ್ನಡಕ ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಸತ್ಯವೇದದ ಅಂಚು ಸವೆದ ಹಾಳೆಯ ಮೇಲೆ ಬೆರಳಿಟ್ಟು ಶುರು ಮಾಡಿದರು. ಬಾವಿಯ ಬಗ್ಗೆ ಹೆಚ್ಚು ಹೇಳಲಿಲ್ಲ. ಕೊಡದ ಬಗ್ಗೆ ಹೇಳಿದರು. "ನೀರಿಗೆ ಅಂತ ಬಂದವಳು ಕೊಡಾನೇ ಅಲ್ಲಿ ಬಿಟ್ಟು ಊರೊಳಕ್ಕೆ ಓಡಿದ್ಲು. ನಲ್ಲೀಲಿ ನೀರು ಬರೋ ಹೊತ್ತಿಗೆ ನಾವು ಯಾರಾದ್ರೂ ಕೊಡ ಬಿಟ್ಟು ಹೋಗ್ತೀವೇನ್ರಮ್ಮಾ? ಅವಳಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತ್ತು. ಅವಳ ಮಾತು ಕೇಳಿ ಊರೇ ಎದ್ದು ಬಂತು." ಹದಿನೈದು ನಿಮಿಷ ಯಾರೂ ಅಲುಗಾಡಲಿಲ್ಲ.

ಅವರು ಕೂತ ಮೇಲೆ ಮನೆಯ ಹಿರಿಯರು ಎದ್ದು, "ಟೀಚರಮ್ಮ ಒಳ್ಳೇ ಸಾಕ್ಷಿ ಹೇಳಿದ್ರು, ದೇವರಿಗೆ ಸ್ತೋತ್ರ. ಈಗ ಬ್ರದರ್ ವಾಕ್ಯ ಹೇಳ್ತಾರೆ" ಎಂದರು. ಇಪ್ಪತ್ತೈದರ ಹುಡುಗನೊಬ್ಬ ಎದ್ದು ಅದೇ ಅಧ್ಯಾಯವನ್ನು, ಹೆಚ್ಚೂಕಡಿಮೆ ಅದೇ ಮಾತುಗಳಲ್ಲಿ ಹೇಳಿ ಮುಗಿಸಿದ. ಮೆಟ್ಟಿಲಿಳಿಯುವಾಗ ಪಿಯುಸಿ ಓದುವ ಹುಡುಗಿಯೊಬ್ಬಳು ನನ್ನನ್ನು ತಡೆದು ಕೇಳಿದಳು: "ಅಂಕಲ್, ಇಬ್ಬರೂ ಹೇಳಿದ್ದು ಒಂದೇ. ಟೀಚರಮ್ಮನದು ಸಾಕ್ಷಿ, ಅಣ್ಣನದು ವಾಕ್ಯ ಯಾಕೆ?"

ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ಅವಳಿಗೆ ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತಿದ್ದೇನೆ.

ಹಿರಿಯರು ಹಾಗೆ ಹೇಳಿದ್ದು ಕೆಡುಕಿನಿಂದಲ್ಲ, ಟೀಚರಮ್ಮನ ಮೇಲೆ ಅವರಿಗೆ ಗೌರವವಿದೆ. ಅವರ ಮನಸ್ಸಿನಲ್ಲಿರುವುದು ಪೌಲನ ಎರಡು ಮಾತು. ಒಂದು, ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ 34 ಮತ್ತು 35ನೇ ವಚನಗಳು: ಸಭೆಗಳಲ್ಲಿ ಹೆಂಗಸರು ಮೌನವಾಗಿರಬೇಕು, ಏನಾದರೂ ತಿಳಿಯಬೇಕಿದ್ದರೆ ಮನೆಯಲ್ಲಿ ಗಂಡಂದಿರನ್ನು ಕೇಳಬೇಕು. ಇನ್ನೊಂದು, ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದ 12ನೇ ವಚನ: ಹೆಂಗಸು ಉಪದೇಶ ಮಾಡುವುದಕ್ಕೂ ಗಂಡಸಿನ ಮೇಲೆ ಅಧಿಕಾರ ನಡೆಸುವುದಕ್ಕೂ ತಾನು ಅಪ್ಪಣೆ ಕೊಡುವುದಿಲ್ಲ ಎನ್ನುತ್ತಾನೆ ಪೌಲ. ಕಾರಣವನ್ನೂ ಕೊಡುತ್ತಾನೆ: ಆದಾಮನು ಮೊದಲು, ಹವ್ವಳು ಆಮೇಲೆ. ಎರಡು ಸಾವಿರ ವರ್ಷಗಳಿಂದ ಪ್ರಸಂಗಪೀಠದ ಮೆಟ್ಟಿಲಿಗೆ ಅಡ್ಡ ಕಟ್ಟಿರುವ ಹಗ್ಗ ಈ ಎರಡು ಎಳೆಯದು.

ಈ ವಚನಗಳನ್ನು ಅಕ್ಷರಶಃ ಪಾಲಿಸುವವರನ್ನು ಹಗುರವಾಗಿ ಕಾಣುವುದು ಸರಿಯಲ್ಲ. ನಮ್ಮ ಬ್ರದರನ್ ಸಭೆಗಳಲ್ಲಿ ಹೆಂಗಸರು ಕೂಟದಲ್ಲಿ ಮಾತಾಡುವುದಿಲ್ಲ. ದೇವರ ವಾಕ್ಯ ಹೇಳಿದ ಮೇಲೆ ನಮ್ಮ ಅಭಿಪ್ರಾಯಕ್ಕೆ ಬೆಲೆಯೇನು ಎನ್ನುವುದು ಅವರ ಪ್ರಾಮಾಣಿಕ ನಿಲುವು. ಬರೆದ ಮಾತಿಗೆ ಅಷ್ಟು ತೂಕ ಕೊಡುವವರ ಜೊತೆ ವಾದ ಮಾಡಬೇಕಾದರೆ ಅದೇ ಪುಸ್ತಕವನ್ನು ಬಿಡಿಸಿಟ್ಟುಕೊಂಡು ಮಾಡಬೇಕು. ಕಾಲ ಬದಲಾಗಿದೆ ಎಂದರೆ ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹಾಗಾದರೆ ಪುಸ್ತಕವನ್ನೇ ಬಿಡಿಸೋಣ. ಎರಡು ತಡೆಗಳು ಎರಡು ಊರಿಗೆ ಸೇರಿದವು. ಒಂದು ಕೊರಿಂಥ. ಇನ್ನೊಂದು ಎಫೆಸ, ಏಕೆಂದರೆ ತಿಮೊಥೆಯನನ್ನು ಪೌಲ ಬಿಟ್ಟು ಬಂದದ್ದು ಅಲ್ಲೇ. ಈ ಎರಡು ಊರುಗಳಲ್ಲಿ ಹೆಂಗಸರು ಏನು ಮಾಡುತ್ತಿದ್ದರು ಎಂದು ಅದೇ ಸತ್ಯವೇದವನ್ನು ಕೇಳಿ.

ಎಫೆಸದಲ್ಲಿ ಪ್ರಿಸ್ಕಿಲ್ಲ ಇದ್ದಳು. ರೋಮಿನಿಂದ ಓಡಿಸಲ್ಪಟ್ಟು ಬಂದ ಯೆಹೂದಿ ದಂಪತಿ ಅವರು, ಗಂಡ ಅಕ್ವಿಲ, ಕಸುಬು ಗುಡಾರ ಹೊಲಿಯುವುದು. ಅಲೆಕ್ಸಾಂದ್ರಿಯದಿಂದ ಅಪೊಲ್ಲೋಸ ಎಂಬ ದೊಡ್ಡ ವಾಗ್ಮಿ ಅಲ್ಲಿಗೆ ಬಂದ. ಶಾಸ್ತ್ರ ಬಲ್ಲವನು, ಆದರೆ ಅವನಿಗೆ ತಿಳಿದದ್ದು ಅರ್ಧ. ಈ ಗಂಡಹೆಂಡಿರು ಅವನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನೂ ಖಚಿತವಾಗಿ ವಿವರಿಸಿದರೆಂದು ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಹೇಳುತ್ತದೆ. ಈ ಜೋಡಿಯ ಹೆಸರು ಹೊಸ ಒಡಂಬಡಿಕೆಯಲ್ಲಿ ಬರುವ ಹೆಚ್ಚಿನ ಕಡೆಗಳಲ್ಲಿ ಹೆಂಡತಿಯದೇ ಮೊದಲು. ಆ ಕಾಲದ ರೂಢಿಗೆ ಅದು ವಿಶೇಷ. ಯಾವ ಊರಿನಲ್ಲಿ ಹೆಂಗಸು ಗಂಡಸಿಗೆ ಕಲಿಸಬಾರದು ಎಂದು ನಾವು ಓದುತ್ತೇವೋ ಅದೇ ಊರಿನಲ್ಲಿ ಒಬ್ಬಳು ಪ್ರಸಂಗಿಗೇ ಪಾಠ ಹೇಳಿದ್ದಳು. ಪೌಲ ಅವಳನ್ನು ಗದರಲಿಲ್ಲ. ರೋಮಿನವರಿಗೆ ಬರೆದ ಪತ್ರದಲ್ಲಿ ಇಬ್ಬರನ್ನೂ ತನ್ನ ಜೊತೆಗೆಲಸದವರೆಂದು ಕರೆದು ವಂದನೆ ಹೇಳಿದ.

ಕೊರಿಂಥದ ಪಕ್ಕದ ಬಂದರು ಕೆಂಖ್ರೆ. ಅಲ್ಲಿಯವಳು ಫೊಯಿಬೆ. ರೋಮಿನವರ ಪತ್ರದ 16ನೇ ಅಧ್ಯಾಯ ಶುರುವಾಗುವುದೇ ಅವಳಿಂದ. ಆ ಪತ್ರವನ್ನು ಕೊರಿಂಥದ ಕಡೆಯಿಂದ ರೋಮಿಗೆ ಹೊತ್ತೊಯ್ದವಳು ಅವಳೇ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಅವಳಿಗೆ ಪೌಲ ಬಳಸುವ ಗ್ರೀಕ್ ಪದ 'ದಿಯಾಕೊನೊಸ್'. ಅದೇ ಪದವನ್ನು ಅವನು ಬೇರೆಡೆ ತನಗೂ ಅಪೊಲ್ಲೋಸನಿಗೂ ಬಳಸಿಕೊಂಡಿದ್ದಾನೆ. ಕನ್ನಡದಲ್ಲಿ 'ಸೇವಕಿ' ಎಂದಾಗ ಕಣ್ಣ ಮುಂದೆ ಬರುವುದು ಪಾತ್ರೆ ತೊಳೆಯುವ ಕೈ, 'ದೇವರ ಸೇವಕರು' ಎಂದಾಗ ಬಿಳಿ ನಿಲುವಂಗಿ. ಗ್ರೀಕಿನಲ್ಲಿ ಎರಡಕ್ಕೂ ಒಂದೇ ಮಾತು.

ಕೊರಿಂಥದ ಪತ್ರದಲ್ಲೇ ಇನ್ನೊಂದು ಸಂಗತಿಯಿದೆ. ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ಮೌನವಾಗಿರಿ ಎನ್ನುವ 14ನೇ ಅಧ್ಯಾಯಕ್ಕೆ ಮೂರು ಅಧ್ಯಾಯ ಮೊದಲು, 11ನೇ ಅಧ್ಯಾಯದ 5ನೇ ವಚನದಲ್ಲಿ, ಹೆಂಗಸು ತಲೆಗೆ ಮುಸುಕು ಹಾಕಬೇಕೆಂದು ಪೌಲ ಹೇಳುತ್ತಾನೆ. ಯಾವಾಗ? ಪ್ರಾರ್ಥನೆ ಮಾಡುವಾಗ ಮತ್ತು ಪ್ರವಾದಿಸುವಾಗ. ಪ್ರವಾದಿಸುವುದು ಅಂದರೆ ಮನಸ್ಸಿನೊಳಗೆ ಗುನುಗಿಕೊಳ್ಳುವುದಲ್ಲ. ಸಭೆ ಕೇಳುವಂತೆ, ಸಭೆಯ ಭಕ್ತಿ ಬೆಳೆಯುವಂತೆ ಮಾತಾಡುವುದು. ಅದರ ಅರ್ಥವನ್ನು 14ನೇ ಅಧ್ಯಾಯದ ಮೊದಲಲ್ಲಿ ಅವನೇ ಬಿಡಿಸಿಟ್ಟಿದ್ದಾನೆ.

ನಮ್ಮ ಕನ್ನಡ ಸಭೆಗಳಲ್ಲಿ ಪ್ರಾರ್ಥನೆಗೆ ಕೂತ ಕೂಡಲೇ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರ ಕೈಯೂ ಸೆರಗಿಗೆ, ದುಪಟ್ಟಾಕ್ಕೆ ಹೋಗುತ್ತದೆ. ನೂರಾರು ವರ್ಷಗಳ ರೂಢಿ, ನೋಡಲು ಚೆಂದ. ಆ ಸೆರಗಿಗೆ ಆಧಾರ ಈ ವಚನವೇ. ಆದರೆ ಪೌಲ ಸೆರಗು ಹೊದೆಯಲು ಹೇಳಿದ್ದು ಮಾತಾಡಲು ಎದ್ದು ನಿಂತ ಹೆಂಗಸಿಗೆ. ನಾವು ಸೆರಗನ್ನು ಉಳಿಸಿಕೊಂಡೆವು, ಯಾವ ಕೆಲಸಕ್ಕಾಗಿ ಅದನ್ನು ಹೊದೆಯಬೇಕಿತ್ತೋ ಆ ಕೆಲಸವನ್ನು ಕಿತ್ತುಕೊಂಡೆವು. ಆ ಗುರುವಾರ ಟೀಚರಮ್ಮ ತಲೆಯ ಮೇಲೆ ಸೆರಗೆಳೆದು ಎದ್ದು ನಿಂತಾಗ ನಡೆದದ್ದು ಪೌಲ ಬರೆದಿಟ್ಟಿದ್ದೇ, ಅಕ್ಷರಶಃ.

ಹಾಗಾದರೆ 14ನೇ ಅಧ್ಯಾಯದ ಮೌನ ಏನು? ಆ ಅಧ್ಯಾಯ ಕೊರಿಂಥದ ಕೂಟದ ಗದ್ದಲದ ಬಗ್ಗೆ. ಅಲ್ಲಿ ಮೌನವಾಗಿರಿ ಎಂದು ಹೇಳಿಸಿಕೊಂಡವರು ಮೂರು ಗುಂಪು. ಅನ್ಯಭಾಷೆಯಲ್ಲಿ ಮಾತಾಡುವವರು, ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಬೇಕು. ಪ್ರವಾದಿಸುತ್ತಿರುವವನು, ಪಕ್ಕದವನಿಗೆ ಪ್ರಕಟನೆ ಬಂದರೆ ಸುಮ್ಮನಾಗಬೇಕು. ಮೂರನೆಯವರು ಹೆಂಗಸರು. ಮೂರು ಕಡೆಯೂ ಗ್ರೀಕ್ ಕ್ರಿಯಾಪದ ಒಂದೇ. ಮೊದಲ ಇಬ್ಬರದು ಆ ಹೊತ್ತಿನ ಮೌನ, ಮೂರನೆಯವರದು ಮಾತ್ರ ಲೋಕಾಂತ್ಯದವರೆಗಿನ ಮೌನ ಎಂದು ಓದುವುದು ನ್ಯಾಯವೇ? ಮನೆಯಲ್ಲಿ ಗಂಡಂದಿರನ್ನು ಕೇಳಿ ಎಂಬ ಮಾತೇ ತೋರಿಸುವಂತೆ ಅಲ್ಲಿನ ತೊಂದರೆ ನಡುನಡುವೆ ಏಳುತ್ತಿದ್ದ ಪ್ರಶ್ನೆಗಳದು. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಈ ಎರಡು ವಚನಗಳು ಇದೇ ಜಾಗದಲ್ಲಿಲ್ಲ, ಅಧ್ಯಾಯದ ಕೊನೆಗೆ ಹೋಗಿವೆ. ಹಾಗಾಗಿ ಇವು ಪೌಲನವೇ ಅಲ್ಲ ಎಂದ ವಿದ್ವಾಂಸರೂ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಹೋಗಬೇಕಾದ ಅಗತ್ಯವೂ ಕಾಣುವುದಿಲ್ಲ.

ತಿಮೊಥೆಯನ ಪತ್ರ ಇದಕ್ಕಿಂತ ಗಟ್ಟಿ. ಆದಾಮ ಹವ್ವರ ಕಾರಣವಿರುವುದರಿಂದ ಅದು ಒಂದೂರಿನ ಮಾತಲ್ಲ, ಸೃಷ್ಟಿಯ ಕ್ರಮ ಎನ್ನುತ್ತಾರೆ. ಈ ವಾದವನ್ನು ನಾನು ಬಹಳ ದಿನ ಹೊತ್ತು ತಿರುಗಿದ್ದೇನೆ. ಕೊನೆಗೆ ಉತ್ತರ ಸಿಕ್ಕಿದ್ದು ಪೌಲನಲ್ಲೇ. ಕೊರಿಂಥದವರಿಗೆ ಬರೆಯುವಾಗ ಅವನು ಇದೇ ಸೃಷ್ಟಿಯ ಕ್ರಮವನ್ನು ಎತ್ತಿಕೊಂಡು, ತಕ್ಷಣ ತಾನೇ ಅದನ್ನು ಸರಿತೂಗಿಸುತ್ತಾನೆ: ಹೆಂಗಸು ಗಂಡಸಿನಿಂದ ಬಂದಂತೆ ಗಂಡಸು ಹೆಂಗಸಿನ ಮೂಲಕ ಹುಟ್ಟುತ್ತಾನೆ, ಎಲ್ಲವೂ ದೇವರಿಂದಲೇ. ಇನ್ನು ಅಧಿಕಾರ ನಡೆಸುವುದು ಎಂಬಲ್ಲಿ ಬರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇದೊಂದೇ ಕಡೆ ಇರುವುದು. ಸಾಮಾನ್ಯ ಅಧಿಕಾರಕ್ಕೆ ಪೌಲ ಬಳಸುವ ಪದ ಬೇರೆ. ಇದರ ಅರ್ಥ ದಬ್ಬಾಳಿಕೆಯೋ ಬರೀ ಅಧಿಕಾರವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದೇ ಅಧ್ಯಾಯದಲ್ಲಿ ಮೂರೇ ವಚನ ಹಿಂದೆ ಹೋದರೆ ಜಡೆ, ಚಿನ್ನ, ಮುತ್ತು ಬೇಡ ಎಂದಿದೆ. ಅದನ್ನು ಪಾಲಿಸಿ ಚಿನ್ನ ತೊಡದ ಪೆಂತೆಕೊಸ್ತ್ ಮನೆಗಳು ನಮ್ಮಲ್ಲಿವೆ. ಅವರಿಗೆ 12ನೇ ವಚನವನ್ನೂ ಎತ್ತುವ ಹಕ್ಕಿದೆ. ಮಗಳ ಮದುವೆಗೆ ಅವೆನ್ಯೂ ರಸ್ತೆಯ ಚಿನ್ನದಂಗಡಿ ಸುತ್ತಿ ಬಂದು 12ನೇ ವಚನವನ್ನು ಮಾತ್ರ ಎತ್ತಿ ಹಿಡಿಯುವವರು ಒಮ್ಮೆ ಯೋಚಿಸಬೇಕು. ಆ ಪತ್ರ ಪಡೆದ ತಿಮೊಥೆಯ ನಂಬಿಕೆ ಕಲಿತದ್ದು ಯಾರಿಂದ? ಅಜ್ಜಿ ಲೋವಿ, ತಾಯಿ ಯೂನೀಕೆ ಇವರಿಂದ. ಇದನ್ನು ಬರೆದವನೂ ಪೌಲನೇ, ಅದೇ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ.

ಹಳೆಯ ಒಡಂಬಡಿಕೆಯಿಂದ ಒಬ್ಬಳು ಸಾಕು. ದೇವಾಲಯದ ದುರಸ್ತಿಯಲ್ಲಿ ಧರ್ಮಶಾಸ್ತ್ರದ ಗ್ರಂಥ ಸಿಕ್ಕಾಗ ಅರಸ ಯೋಷೀಯನಿಗೆ ದಿಗಿಲಾಯಿತು. ಇದರ ಬಗ್ಗೆ ದೇವರನ್ನು ಕೇಳಿ ಬನ್ನಿ ಎಂದು ಮಹಾಯಾಜಕನನ್ನೇ ಕಳಿಸಿದ. ಮಹಾಯಾಜಕ ಹೋದದ್ದು ಹುಲ್ದ ಎಂಬ ಪ್ರವಾದಿನಿಯ ಮನೆಗೆ. ಅರಮನೆಯ ಬಟ್ಟೆಬರೆ ನೋಡಿಕೊಳ್ಳುತ್ತಿದ್ದವನ ಹೆಂಡತಿ ಆಕೆ. ಈ ಮಾತು ನಿಜ, ಇದು ದೇವರದೇ ಎಂದು ಗ್ರಂಥಕ್ಕೆ ಮುದ್ರೆ ಒತ್ತಿದವಳು ಅವಳು.

ಇನ್ನೊಂದು ಹೆಸರು ಕನ್ನಡದವರಿಗೆ ವಿಶೇಷವಾದದ್ದು. ರೋಮಿನವರ ಪತ್ರದ 16ನೇ ಅಧ್ಯಾಯದ 7ನೇ ವಚನದಲ್ಲಿ ಪೌಲ ಅಂದ್ರೋನಿಕ ಮತ್ತು ಯೂನ್ಯ ಎಂಬಿಬ್ಬರಿಗೆ ವಂದನೆ ಹೇಳಿ, ಅಪೊಸ್ತಲರಲ್ಲಿ ಹೆಸರಾದವರು ಎನ್ನುತ್ತಾನೆ. ಯೂನ್ಯ ಹೆಂಗಸಿನ ಹೆಸರು. ನಾಲ್ಕನೇ ಶತಮಾನದ ಯೋಹಾನ್ ಕ್ರಿಸೊಸ್ತೊಮ್, ಹೆಂಗಸರಿಗೆ ಯಾಜಕತ್ವ ಒಪ್ಪದವನು, ಅವನೇ ಇವಳನ್ನು ಹೆಂಗಸೆಂದು ತಿಳಿದು ಹೊಗಳಿದ್ದ. ಮುಂದಿನ ಕಾಲದವರಿಗೆ ಹೆಂಗಸು ಅಪೊಸ್ತಲಳಾಗುವುದನ್ನು ನಂಬಲಾಗಲಿಲ್ಲ. 20ನೇ ಶತಮಾನದ ಬಹುಭಾಗ, ವಿದ್ವಾಂಸರು ಬಳಸುವ ಗ್ರೀಕ್ ಮುದ್ರಣದಲ್ಲೂ ಒಂದು ಸ್ವರಚಿಹ್ನೆಯ ಬಲದಿಂದ ಅವಳು ಗಂಡಸಾಗಿದ್ದಳು. ಗ್ರೀಕಿನಲ್ಲಿ ಅದು ಅಕ್ಷರದ ಮೇಲಿನ ಒಂದು ಗೀರು. ಕನ್ನಡದಲ್ಲಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ, 'ಯೂನ್ಯನಿಗೆ' ಎನ್ನಬೇಕು, ಇಲ್ಲವೇ 'ಯೂನ್ಯಳಿಗೆ' ಎನ್ನಬೇಕು. ಒಂದು ಅಕ್ಷರದಲ್ಲಿ ಒಬ್ಬ ಅಪೊಸ್ತಲಳು ಉಳಿಯಬಹುದು, ಅಳಿಯಬಹುದು. ನಿಮ್ಮ ಮನೆಯ ಸತ್ಯವೇದ ತೆಗೆದು, ಅಲ್ಲಿರುವುದು 'ನ'ಕಾರವೋ 'ಳ'ಕಾರವೋ ನೋಡಿ.

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊರಗಿನಿಂದ ಬಂದದ್ದೂ ಅಲ್ಲ. ಬಸವೇಶ್ವರನಗರದ ಮಗ್ಗುಲಲ್ಲಿ ಕೂತು ಬರೆಯುವವನಿಗೆ ಅಕ್ಕಮಹಾದೇವಿಯ ಹೆಸರು ಹೇಳಿಕೊಡಬೇಕಾಗಿಲ್ಲ. ಆದರೆ ಕ್ರೈಸ್ತರ ನಡುವೆ ಈ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಂಡು ಉತ್ತರಿಸಿದ ಮಗಳೊಬ್ಬಳು ನಮ್ಮ ಮಲೆನಾಡಿನಲ್ಲೇ ಹುಟ್ಟಿದಳು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗೆ, ಭದ್ರೆ, ನೇತ್ರಾವತಿಯರ ಮೂಲವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು, ಮನೆಮಾತು ಮರಾಠಿ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂದು ಅವರ ಮೇಲೆ ದೂರು ಬಂತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸರು ಕಲಿಯಬಹುದು ಎಂಬುದಕ್ಕೆ ಶಾಸ್ತ್ರಗಳಿಂದಲೇ ಆಧಾರ ತೆಗೆದು ತೋರಿಸಬೇಕಾಯಿತು. ಇದನ್ನು ರಮಾಬಾಯಿಯೇ 1907ರ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಆ ತಾಯಿಯೇ ಮಗಳಿಗೆ ಕಾಡಿನಲ್ಲಿ ಪಾಠ ಹೇಳಿದಳು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆ ಮಗಳಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು.

ಇಂಗ್ಲೆಂಡಿಗೆ ಹೋದ ರಮಾಬಾಯಿ 1883ರಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲೆ ಚೆಲ್ಟನಮ್‌ನ ಮಹಿಳಾ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತ ಕಲಿಸುತ್ತ ಇದ್ದರು. ಅವರು ಗಂಡಸರಿಗೂ ಪಾಠ ಹೇಳುವ ಪ್ರಸ್ತಾಪ ಬಂದಾಗ ಆಂಗ್ಲಿಕನ್ ಬಿಷಪರು ತಡೆದರು. ಲಾಹೋರಿನ ಬಿಷಪರೂ ಬೊಂಬಾಯಿಯ ಬಿಷಪರೂ ಇದು ಭಾರತದಲ್ಲಿ ಆಕೆಯ ಹೆಸರಿಗೆ ಕುಂದು ತರುತ್ತದೆ ಎಂದರು. ರಮಾಬಾಯಿಯ ಉತ್ತರದ ತಿರುಳು ಇಷ್ಟು: ನನ್ನ ತಂದೆಯಾಗಲಿ ಗಂಡನಾಗಲಿ, ನನ್ನ ತಾಯಿ ಅಥವಾ ನಾನು ಗಂಡಸರಿಗೆ ಕಲಿಸುವುದನ್ನು ಆಕ್ಷೇಪಿಸಿದವರಲ್ಲ, ಈಗ ನೀವು ಆಕ್ಷೇಪಿಸುತ್ತಿದ್ದೀರಿ. ಉಡುಪಿಯ ಸಭೆಯಲ್ಲಿ ತಂದೆ ಎದುರಿಸಿದ ಪ್ರಶ್ನೆಯನ್ನೇ ಮಗಳು ಇಂಗ್ಲೆಂಡಿನಲ್ಲಿ ಎದುರಿಸಿದಳು. ಧರ್ಮ ಬೇರೆ, ಸಮುದ್ರ ಬೇರೆ, ಪ್ರಶ್ನೆ ಅದೇ.

ಅವರು ಅಲ್ಲಿಗೆ ನಿಲ್ಲಲಿಲ್ಲ. ಪುಣೆಯ ಹತ್ತಿರ ಕೇಡಗಾಂವದಲ್ಲಿ ಮುಕ್ತಿ ಸದನ ಕಟ್ಟಿದರು. ಕ್ಷಾಮದಲ್ಲಿ ಅನಾಥರಾದ ಹುಡುಗಿಯರು, ವಿಧವೆಯರು ಅಲ್ಲಿ ಬೆಳೆದರು. 1905ರಲ್ಲಿ ಅಲ್ಲಿ ದೊಡ್ಡ ಆತ್ಮೋಜ್ಜೀವನವಾದಾಗ ಆ ಹೆಂಗಸರೇ ತಂಡ ಕಟ್ಟಿಕೊಂಡು ಸುತ್ತಲ ಊರುಗಳಿಗೆ ಸುವಾರ್ತೆ ಸಾರಲು ಹೋದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಆಡುಮಾತಿನ ಮರಾಠಿಗೆ ತಂದರು. ಅಚ್ಚಿನ ಕೆಲಸವನ್ನೂ ಸದನದ ಹೆಂಗಸರೇ ಮಾಡಿದರು. 1922ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ವಾಕ್ಯ ಹೇಳಬಾರದ ಹೆಣ್ಣು ಆ ವಾಕ್ಯವನ್ನೇ ಒಂದು ಭಾಷೆಗೆ ಇಳಿಸಿ ಹೋದಳು. ಕನ್ನಡದ ಕ್ರೈಸ್ತರು ಇವರನ್ನು ಇನ್ನೂ ಪೂರ್ತಿಯಾಗಿ ನಮ್ಮವರೆಂದು ಎತ್ತಿಕೊಂಡಿಲ್ಲ ಎಂಬ ಕೊರಗು ನನಗಿದೆ.

ಹಳೆ ಮೈಸೂರಿನ ಕಡೆ ಮಿಷನ್ನುಗಳು ಹೆಂಗಸರ ಮಾತಿಗೆ ಒಂದು ಕಿರುಬಾಗಿಲನ್ನು ತೆರೆದಿದ್ದವು. ಗಂಡಸು ಬೋಧಕರು ಮನೆಯ ಜಗಲಿ ದಾಟುವಂತಿರಲಿಲ್ಲ, ಹಾಗಾಗಿ ಒಳಮನೆಗೆ ಹೋಗಿ ಓದಿ ಹೇಳಲು ಬೈಬಲ್ ಹೆಂಗಸರನ್ನು ನೇಮಿಸಿದರು. ಹೆಣ್ಣು ಹೆಣ್ಣಿಗೆ ಹೇಳಬಹುದು ಎಂಬಲ್ಲಿಗೆ ಗೆರೆ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ, ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ದೇವಾಲಯ, ಎರಡೂ ಕನ್ನಡ ಸಭೆಗಳೇ, ಆ ಕಾಲದ ಬೋಧಕರ ಹೆಸರು ಹೊತ್ತವು. ಆ ಹೆಂಗಸರ ಹೆಸರು ಹೊತ್ತ ಕಟ್ಟಡ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಡ್ಸನ್ ದೇವಾಲಯದ ಬೇರು ವೆಸ್ಲಿಯನ್ ಮಿಷನ್ನಿನದು. ಆ ವೆಸ್ಲಿಯ ತಾಯಿ ಸುಸಾನ 1712ರ ಸುಮಾರಿನಲ್ಲಿ, ಪಾದ್ರಿಯಾದ ಗಂಡ ಲಂಡನ್ನಿಗೆ ಹೋಗಿದ್ದಾಗ, ಮನೆಯಲ್ಲಿ ಮಕ್ಕಳಿಗೂ ಆಳುಗಳಿಗೂ ಪ್ರಸಂಗ ಓದಿ ಹೇಳುತ್ತಿದ್ದಳು. ನೆರೆಹೊರೆಯವರು ಸೇರುತ್ತ ಸೇರುತ್ತ ಇನ್ನೂರು ಜನರಾದರು. ಗಂಡನ ಬದಲಿ ಪಾದ್ರಿ ದೂರು ಕೊಟ್ಟ. ಮುಂದೆ ಮಗ ಜಾನ್ ವೆಸ್ಲಿ ವಿಶೇಷ ಕರೆಯುಳ್ಳ ಹೆಂಗಸರು ಪ್ರಸಂಗ ಮಾಡಬಹುದೆಂದು ಒಪ್ಪಿದ. ಹೊಸಹಳ್ಳಿಯ ನಮ್ಮ ಮಹಡಿ ಮನೆಯ ಚಾಪೆಗೆ ಆ ಮನೆಯ ನೆಂಟಸ್ತನವಿದೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಒಂದಾಯಿತು. 1976ರಲ್ಲಿ ಅದು ಹೆಣ್ಣಿಗೆ ಸಭಾಪಾಲಕ ದೀಕ್ಷೆ ಕೊಟ್ಟಿತು. ಇಂಗ್ಲೆಂಡಿನ ಸಭೆ ಹೆಣ್ಣುಮಕ್ಕಳಿಗೆ ಪಾದ್ರಿಪಟ್ಟ ಕೊಟ್ಟದ್ದು 1994ರಲ್ಲಿ, ನಮಗಿಂತ ಹದಿನೆಂಟು ವರ್ಷ ತಡವಾಗಿ. 2013ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಆಂಧ್ರದ ನಂದ್ಯಾಲಕ್ಕೆ ಎಗ್ಗೋಣಿ ಪುಷ್ಪಲಲಿತ ಬಿಷಪರಾದರು. ಇಂಗ್ಲೆಂಡಿಗೆ ಮೊದಲ ಮಹಿಳಾ ಬಿಷಪ್ ಬಂದದ್ದು 2015ರಲ್ಲಿ. ಹೆಂಗಸರ ಮಾತು ಪಾಶ್ಚಾತ್ಯರ ಗಾಳಿ ಎನ್ನುವವರು ಈ ಇಸವಿಗಳನ್ನು ನೋಡಬೇಕು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲೂ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲೂ ಹೆಣ್ಣುಮಕ್ಕಳು ಓದುತ್ತಾರೆ. ಕನ್ನಡ ಮಾತ್ರ ಇನ್ನೂ ಸಿದ್ಧವಾಗಿಲ್ಲ. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ, ಅವರ ಹೆಂಡತಿಯನ್ನು ಅಮ್ಮನವರು. ಅಮ್ಮನವರೇ ಸಭಾಪಾಲಕರಾಗಿ ಬಂದಾಗ ಏನೆಂದು ಕರೆಯುವುದು ಎಂದು ಜನ ತಡವರಿಸುತ್ತಾರೆ.

ಕಥೋಲಿಕರ ದಾರಿ ಬೇರೆ. ಹೆಣ್ಣಿಗೆ ಗುರುದೀಕ್ಷೆ ಕೊಡುವ ಅಧಿಕಾರ ಧರ್ಮಸಭೆಗಿಲ್ಲ ಎಂದು ಎರಡನೇ ಜಾನ್ ಪೌಲ್ 1994ರಲ್ಲಿ ಖಚಿತವಾಗಿ ಹೇಳಿದರು. ಬಲಿಪೂಜೆಯ ಪ್ರಬೋಧನೆ ದೀಕ್ಷೆ ಪಡೆದವರಿಗೇ ಮೀಸಲು. ಆದರೂ ವಾಚಕರ ಸೇವೆಯನ್ನು ಪೋಪ್ ಫ್ರಾನ್ಸಿಸ್ 2021ರಲ್ಲಿ ಹೆಂಗಸರಿಗೂ ವಿಧಿಪೂರ್ವಕವಾಗಿ ತೆರೆದರು. ಅದಕ್ಕೂ ಮೊದಲು, 2016ರಲ್ಲಿ, ಜುಲೈ 22ರ ಮಗ್ದಲದ ಮರಿಯಳ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿದರು. ಅಪೊಸ್ತಲರಿಗೇ ಅಪೊಸ್ತಲಳು ಎಂಬುದು ಅವಳ ಹಳೆಯ ಬಿರುದು.

ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ ಇರುವುದು ಈ ಮರಿಯಳಲ್ಲೇ. ಬೆಳಗಿನ ಕತ್ತಲಲ್ಲಿ ಸಮಾಧಿಯ ಬಳಿ ಅಳುತ್ತಿದ್ದವಳಿಗೆ ಯೇಸು ಕಾಣಿಸಿಕೊಂಡು, ಹೋಗಿ ನನ್ನ ಸಹೋದರರಿಗೆ ಹೇಳು ಎಂದ. ಹೋದಳು, ಶಿಷ್ಯರಿದ್ದ ಕಡೆಗೇ ಹೋದಳು, ಕರ್ತನನ್ನು ನೋಡಿದೆ ಎಂದಳು. ಕ್ರೈಸ್ತ ಲೋಕದ ಮೊದಲ ಈಸ್ಟರ್ ಪ್ರಸಂಗ ಅದು. ಅದು ಸಾಕ್ಷಿಯೂ ಹೌದು, ವಾಕ್ಯವೂ ಹೌದು. ಅವತ್ತು ಎರಡರ ನಡುವೆ ಗೆರೆ ಇರಲಿಲ್ಲ, ಎಳೆದವರು ನಾವು. ಸತ್ಯವೇದವನ್ನು ಮೊದಲಿಂದ ಕೊನೆಯವರೆಗೆ ಓದಿದರೆ ಹೆಂಗಸು ಸಾರಬಹುದು, ಕಲಿಸಬಹುದು. ನನಗೆ ಇದರಲ್ಲಿ ಸಂದೇಹ ಉಳಿದಿಲ್ಲ.

ನಮ್ಮ ಸಭೆಗಳ ಹಿರಿಯರಲ್ಲಿ ಒಂದೇ ಕೋರಿಕೆ. ನಿಮ್ಮ ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಮೊದಲ ವಚನ ಬಾಯಿಪಾಠ ಮಾಡಿಸಿದವರು ಯಾರೆಂದು ನೆನಪಿಸಿಕೊಳ್ಳಿ. ಬರುವ ಒಂದು ಭಾನುವಾರ ಅವರನ್ನು ಪ್ರಸಂಗಪೀಠಕ್ಕೆ ಕರೆಯಿರಿ. ಮುಗಿದ ಮೇಲೆ ಆರಾಧನೆಯ ಚೀಟಿಯಲ್ಲಿ ಅವರ ಹೆಸರಿನ ಮುಂದೆ 'ಪ್ರಸಂಗ' ಎಂದೇ ಬರ‍ೆಯಿರಿ.